ಬೀದಿಯ ಸೆಕೆ ಲೆಕ್ಕ: ಬಣ್ಣ ಮುಗಿಯಿತು, ಕಿಟಕಿ ಬಾಕಿ

ಚಾವಣಿಗಳಿಗೆ ಬಿಳಿ ಬಳಿಯುವ ಕೆಲಸ ಮುಗಿದಿದೆ. ಪಟ್ಟಿಯಲ್ಲಿದ್ದ ಮನೆಗಳಲ್ಲಿ ಒಂದನ್ನು ಬಿಟ್ಟು ಉಳಿದವಕ್ಕೆಲ್ಲ ಎರಡೆರಡು ಕೋಟ್ ಬಿದ್ದಿದೆ. ಬಿಟ್ಟಿರುವ ಮನೆಯ ತಾರಸಿ ಸೋರುತ್ತಿದೆ. ಅದು ಮೊದಲು ರಿಪೇರಿ ಆಗಬೇಕು, ಸೋರುವ ಕಡೆ ಬಣ್ಣ ಹಿಡಿಯುವುದಿಲ್ಲ. ಆದರೆ ಹಾಗೇ ಉಳಿದಿದ್ದರಿಂದ ಆ ಮನೆ ನಮಗೆ ಬೇರೊಂದು ರೀತಿಯಲ್ಲಿ ಉಪಯೋಗಕ್ಕೆ ಬಂದಿದೆ. ಅದನ್ನು ಮುಂದೆ ಹೇಳುತ್ತೇನೆ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಹವಾಮಾನ ಬದಲಾಗಿ ಸೆಕೆ ಜಾಸ್ತಿಯಾಗುತ್ತಿದೆ ಅಂತ ಎಲ್ಲರಿಗೂ ಗೊತ್ತು. ಆದರೆ ನಾವು ಕೇಳುವ ತಾಪಮಾನ ಹವಾಮಾನ ಕೇಂದ್ರದ್ದು, ನೆರಳಲ್ಲಿ ಅಳೆದದ್ದು. ಜನ ಮಲಗುವ ಕೋಣೆಯಲ್ಲಿ ಎಷ್ಟಿರುತ್ತೆ? ಅದು ಯಾರ ಬಳಿಯೂ ಇರಲಿಲ್ಲ. ಹಾಗಾಗಿ ಬೀದಿಯ ಕೆಲವರು ಸೇರಿ ಮನೆಯೊಳಗಿನ ಸೆಕೆ ಅಳೆಯಲು ಶುರು ಮಾಡಿದೆವು. ಯಾವ ಮನೆ ಜಾಸ್ತಿ ಕಾಯುತ್ತೆ ಅಂತ ತಿಳಿದ ಮೇಲೆ ಬಣ್ಣದ ಪಟ್ಟಿ ಆಯಿತು.

ಅಳೆಯುವ ಡಬ್ಬಿ

ಒಳಗೆ ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್, ಹೊರಗೆ ಎಸ್‌ಎಚ್‌ಟಿ31 ಸೆನ್ಸರ್. ಇದು ತಾಪಮಾನ, ತೇವಾಂಶ ಎರಡನ್ನೂ ಅಳೆಯುತ್ತೆ. ಸೆನ್ಸರನ್ನು ಡಬ್ಬಿಯೊಳಗೆ ಕೂರಿಸಬೇಡಿ. ಬೋರ್ಡ್ ತಾನೇ ಬಿಸಿಯಾಗಿ ಲೆಕ್ಕವನ್ನು ಮೇಲಕ್ಕೆ ಎಳೆಯುತ್ತೆ. ಒಂದು ಗೇಣು ವೈರ್ ಬಿಟ್ಟು ದೂರ ತೂಗುಹಾಕಿ. ಗೋಡೆಗೂ ತಾಗಬಾರದು, ಬಿಸಿಲೂ ಬೀಳಬಾರದು. ಎತ್ತರ ಮಲಗಿದವರ ತಲೆಯ ಮಟ್ಟಕ್ಕಿರಲಿ. ಚಾವಣಿಯ ಹತ್ತಿರ ಕಟ್ಟಿದರೆ ಬರುವುದು ಚಾವಣಿಯ ಬಿಸಿ, ಮನುಷ್ಯರಿಗೆ ತಾಗುವ ಬಿಸಿಯಲ್ಲ.

ತೇವಾಂಶ ಯಾಕೆ ಬೇಕು ಅಂತ ಹಲವರು ಕೇಳಿದರು. ಮೈ ತಣ್ಣಗಾಗುವುದು ಬೆವರು ಬಂದಾಗಲ್ಲ, ಬೆವರು ಆರಿದಾಗ. ಗಾಳಿಯಲ್ಲಿ ಆಗಲೇ ನೀರು ತುಂಬಿದ್ದರೆ ಬೆವರು ಸುಮ್ನೆ ಇಳಿದು ಹೋಗುತ್ತೆ. ಒಣ ಗಾಳಿಯ 36 ಡಿಗ್ರಿಗೂ ಜಿಗುಟು ಗಾಳಿಯ 36 ಡಿಗ್ರಿಗೂ ಮೈಗೆ ಬಹಳ ವ್ಯತ್ಯಾಸ ಇದೆ.

ಗ್ರಾಫ್ ತೋರಿಸಿದ್ದು

ಹೊರಗಿನ ಸೆನ್ಸರ್‌ನ ಗೆರೆ ಮಧ್ಯಾಹ್ನ ಏರಿ, ಹೊತ್ತು ಇಳಿದ ಮೇಲೆ ತಾನೂ ಇಳಿಯುತ್ತೆ. ಕಾಂಕ್ರೀಟ್ ತಾರಸಿಯ ಕೆಳಗಿನ ಕೋಣೆಯ ಗೆರೆ ಹಾಗಲ್ಲ. ಹೊರಗೆ ತಣ್ಣನೆ ಗಾಳಿ ಬೀಸಲು ಶುರುವಾದಾಗ ಇಲ್ಲಿ ಸೆಕೆ ಇನ್ನೂ ಏರುತ್ತಿರುತ್ತೆ. ಹಗಲೆಲ್ಲ ಕುಡಿದ ಬಿಸಿಲನ್ನು ಕಾಂಕ್ರೀಟ್ ರಾತ್ರಿ ಒಳಗೆ ಬಿಡುತ್ತೆ. ಊಟ ಮುಗಿಸಿ ಮಲಗುವ ಹೊತ್ತಿಗೆ ಚಾವಣಿಗೆ ಕೈ ಇಟ್ಟರೆ ಬಿಸಿ ತಾಗುತ್ತೆ.

ತಗಡಿನ ಶೀಟಿನ ಮನೆ ಇದಕ್ಕೆ ಉಲ್ಟಾ. ಮಧ್ಯಾಹ್ನ ಒಳಗೆ ಕೂರಲಾಗದಷ್ಟು ಝಳ, ರಾತ್ರಿ ಬೇಗ ತಣಿಯುತ್ತೆ. ನನಗೆ ಈ ಕೆಲಸದಲ್ಲಿ ಸಿಕ್ಕ ದೊಡ್ಡ ತಿಳುವಳಿಕೆ ಇದೇ. ಕಾಂಕ್ರೀಟ್ ಮನೆಯವರಿಗೆ ರಾತ್ರಿಯ ಉಪಾಯ ಬೇಕು, ಶೀಟಿನ ಮನೆಯವರಿಗೆ ಮಧ್ಯಾಹ್ನ ಹೋಗಿ ಕೂರಲು ತಂಪಾದ ಜಾಗ ಬೇಕು. ಎಲ್ಲರಿಗೂ ಒಂದೇ ಸಲಹೆ ಹೇಳಿದರೆ ಅರ್ಧ ಜನಕ್ಕೆ ಅದು ಉಪಯೋಗಕ್ಕೇ ಬರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಕೋಣೆಯ ತಾಪಮಾನವನ್ನು ಹಗಲಲ್ಲಿ 32 ಡಿಗ್ರಿ, ರಾತ್ರಿ 24 ಡಿಗ್ರಿಗಿಂತ ಕೆಳಗೆ ಇಟ್ಟುಕೊಳ್ಳಿ ಅನ್ನುತ್ತೆ. ಶಿಶುಗಳು, 60 ದಾಟಿದವರು, ಬಹಳ ದಿನದ ಕಾಯಿಲೆ ಇರುವವರು ಇದ್ದರಂತೂ ಇದು ಇನ್ನೂ ಮುಖ್ಯ. ನಮ್ಮ ಮೇಲ್ಮಹಡಿಯ ಕೋಣೆಗಳು ಆ 24ರ ಹತ್ತಿರಕ್ಕೂ ಬರಲಿಲ್ಲ. ರಾತ್ರಿ ಅಷ್ಟು ಮುಖ್ಯ ಯಾಕೆ? ಸೆಕೆಯಲ್ಲಿ ಹೃದಯ ಚರ್ಮದ ಕಡೆಗೆ ಜಾಸ್ತಿ ರಕ್ತ ತಳ್ಳಬೇಕು. ರಾತ್ರಿ ತಣಿಯದಿದ್ದರೆ ಆ ದುಡಿಮೆಗೆ ಬಿಡುವೇ ಇಲ್ಲ. ಸೆಕೆಯಲ್ಲಿ ಸಾಯುವವರೆಲ್ಲ ಬಿಸಿಲಲ್ಲಿ ಕುಸಿದು ಬೀಳುವವರಲ್ಲ. ತುಂಬಾ ಜನ ಹೃದಯ, ಶ್ವಾಸಕೋಶ, ಕಿಡ್ನಿ ಸೋತು ಮನೆಯೊಳಗೇ ಸಾಯುತ್ತಾರೆ.

ಬಣ್ಣ

ಕಡು ಬಣ್ಣದ ಚಾವಣಿ ನಡುಬಿಸಿಲಲ್ಲಿ 65 ಡಿಗ್ರಿ ಮುಟ್ಟಬಹುದು. ಬಿಳಿ ಚಾವಣಿ ಬಿಸಿಲನ್ನು ವಾಪಸ್ ಕಳಿಸುವುದರಿಂದ ಅದಕ್ಕಿಂತ ಎಷ್ಟೋ ತಣ್ಣಗಿರುತ್ತೆ. ಮೇಲ್ಮೈ ತಣ್ಣಗಾದಷ್ಟು ಕೋಣೆ ತಣ್ಣಗಾಗಲ್ಲ, ಕೋಣೆಯಲ್ಲಿ ಸಿಗುವುದು ಕೆಲವೇ ಡಿಗ್ರಿ. ಬಣ್ಣ ಬಳಿದ ವಾರವೇ ಸೆಕೆ ಕಡಿಮೆಯಾದರೆ ಅದು ಬಣ್ಣದಿಂದಲೋ ಮೋಡದಿಂದಲೋ ಹೇಗೆ ಹೇಳುವುದು? ಇಲ್ಲೇ ಆ ಸೋರುವ ಮನೆ ಉಪಯೋಗಕ್ಕೆ ಬಂದದ್ದು. ಅದೇ ಥರದ ತಾರಸಿ, ಅದೇ ದಿಕ್ಕು, ಬಣ್ಣ ಮಾತ್ರ ಇಲ್ಲ. ಬಣ್ಣ ಬಳಿದ ಒಂದು ಮನೆಯ ಗೆರೆ, ಈ ಮನೆಯ ಗೆರೆ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡುತ್ತಿದ್ದೇವೆ. ಮೊದಲು ಜೊತೆಜೊತೆಗೇ ಹೋಗುತ್ತಿದ್ದ ಗೆರೆಗಳು ಈಗ ಸಂಜೆಯ ಮೇಲೆ ಬೇರೆಯಾಗುತ್ತಿವೆ. ಒಂದು ಬೇಸಿಗೆ ಪೂರ್ತಿ ನೋಡದೆ ಡಿಗ್ರಿ ಲೆಕ್ಕ ಬರೆಯುವುದು ಬೇಡ ಅಂತ ನಿರ್ಧರಿಸಿದ್ದೇವೆ.

ಧೂಳು ಕೂತರೆ ಬಿಳಿ ಮಂಕಾಗುತ್ತೆ, ಬೇಸಿಗೆಗೆ ಮುಂಚೆ ತೊಳೆಯಬೇಕು. ಏಸಿ ಇರುವ ಮನೆಗಳಲ್ಲಿ ಕರೆಂಟೂ ಉಳಿಯುತ್ತೆ. ಏಸಿ ಒಳಗಿನ ಬಿಸಿಯನ್ನು ಬೀದಿಗೆ ಎಸೆಯುತ್ತೆ ಅಲ್ವಾ, ಹಾಗಾಗಿ ಅದು ಕಡಿಮೆ ಓಡಿದರೆ ಪಕ್ಕದ ಮನೆಗೂ ಲಾಭ.

ಕಿಟಕಿ

ಒಂದು ಮನೆಯ ಗೆರೆ ನಮಗೆ ಅರ್ಥವೇ ಆಗಿರಲಿಲ್ಲ. ಚಾವಣಿಗೆ ಬಣ್ಣ ಬಿದ್ದಿದೆ, ಹೊರಗೆ ತಂಪಾಗಿದೆ, ಒಳಗಿನ ಸೆಕೆ ಮಾತ್ರ ಬೆಳಗಿನ ಜಾವದವರೆಗೂ ಜಗ್ಗುತ್ತಿರಲಿಲ್ಲ. ಅಲ್ಲಿ ಅಜ್ಜಿಯೊಬ್ಬರು ಒಂಟಿಯಾಗಿದ್ದಾರೆ. ಹೋಗಿ ಕೇಳಿದೆ.

“ಅಜ್ಜಿ, ರಾತ್ರಿ ಕಿಟಕಿ ತೆಗೆಯಲ್ವಾ?”

“ಒಬ್ಬಳೇ ಇರೋಳು ಹೇಗಪ್ಪಾ ತೆಗೆದಿಟ್ಟು ಮಲಗಲಿ? ಯಾರಾದ್ರೂ ಕೈ ಹಾಕಿದ್ರೆ?”

1995ರ ಜುಲೈನಲ್ಲಿ ಶಿಕಾಗೋ ನಗರದಲ್ಲಿ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಎಷ್ಟೋ ಜನ ಒಂಟಿಯಾಗಿದ್ದ ವಯಸ್ಸಾದವರು. ಕಳ್ಳತನದ ಭಯಕ್ಕೆ ಕಿಟಕಿ ಬಾಗಿಲು ಮುಚ್ಚಿಕೊಂಡು ಒಳಗೇ ಉಳಿದಿದ್ದವರೂ ಇದ್ದರು. ಆಮೇಲೆ ನಡೆದ ಅಧ್ಯಯನದಲ್ಲಿ, ಬಂದು ಹೋಗುವವರು, ಮಾತಾಡಿಸುವವರು ಇದ್ದವರಿಗೆ ಅಪಾಯ ಕಡಿಮೆ ಅಂತ ಗೊತ್ತಾಯಿತು. ಅಜ್ಜಿಯ ಮಾತು ಕೇಳಿದಾಗ ನನಗೆ ನೆನಪಾದದ್ದು ಇದೇ. ಸೆನ್ಸರ್ ಇನ್ನೊಂದು ವರ್ಷ ಅಲ್ಲೇ ತೂಗಾಡಿದ್ದರೂ ಈ ಕಾರಣ ನಮಗೆ ಸಿಗುತ್ತಿರಲಿಲ್ಲ.

ಈಗ ಆ ಕಿಟಕಿಗೆ ಕಬ್ಬಿಣದ ಗ್ರಿಲ್, ಸೊಳ್ಳೆ ಜಾಲರಿ ಎರಡೂ ಹಾಕಿಸುತ್ತಿದ್ದೇವೆ. ಅಂಥ ಕಿಟಕಿಗಳು ಬೀದಿಯಲ್ಲಿ ಇನ್ನೂ ಇವೆ. ಜೊತೆಗೆ ಒಂಟಿಯಾಗಿರುವವರ ಪಟ್ಟಿ ಮಾಡಿ, ಒಬ್ಬೊಬ್ಬರಿಗೂ ಹತ್ತಿರದ ಒಂದು ಮನೆಯನ್ನು ಜೋಡಿಸಿದ್ದೇವೆ. ತೀರಾ ಸೆಕೆಯ ದಿನ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ ನೋಡಬೇಕು. ಫೋನ್ ಸಾಲದು. ಮಾತು ತೊದಲುತ್ತಿದೆಯಾ, ಗೊಂದಲ ಇದೆಯಾ, ಮೈ ಸುಡುತ್ತಿದೆಯಾ ಅಂತ ಕಣ್ಣಾರೆ ನೋಡಬೇಕು. ಇವು ಕಂಡರೆ ಹೀಟ್ ಸ್ಟ್ರೋಕ್ ಇರಬಹುದು. ತಕ್ಷಣ ಆಂಬುಲೆನ್ಸ್ ಕರೆದು, ಅದು ಬರುವವರೆಗೆ ಮೈಗೆ ನೀರು ಹಾಕಿ ಗಾಳಿ ಬೀಸುತ್ತಿರಬೇಕು. ಗಾಳಿಯೇ 40 ಡಿಗ್ರಿ ದಾಟಿದ್ದರೆ ಬರೀ ಫ್ಯಾನ್ ನಂಬಬಾರದು, ಅದು ಮೈಯನ್ನು ಇನ್ನಷ್ಟು ಬಿಸಿ ಮಾಡುತ್ತೆ.

ಬಿಪಿಗೆ, ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳು ಮೈಯ ನೀರನ್ನೋ ಬೆವರನ್ನೋ ಕಡಿಮೆ ಮಾಡುತ್ತವೆ. ಹಾಗಂತ ಯಾರೂ ತಾವೇ ನಿಲ್ಲಿಸಬಾರದು. ಬೇಸಿಗೆಗೆ ಮುಂಚೆಯೇ ಡಾಕ್ಟರನ್ನು ಕೇಳಿ ಅಂತ ಮನೆಮನೆಗೂ ಹೇಳುತ್ತಿದ್ದೇವೆ.

ಉಳಿದಿರುವುದು ಶೀಟಿನ ಮನೆಯವರ ಮಧ್ಯಾಹ್ನ. ಬೀದಿಯ ತುದಿಯಲ್ಲಿ ಎತ್ತರದ ಚಾವಣಿಯ ಒಂದು ಹಾಲ್ ಇದೆ, ಅಲ್ಲಿ ಸೆನ್ಸರ್ ಇಟ್ಟು ನೋಡಿದ್ದೇವೆ, ಸಾಕಷ್ಟು ತಂಪಾಗಿದೆ. ಮಧ್ಯಾಹ್ನ ಬೀಗ ತೆಗೆಯುವವರು ಯಾರು, ನಡೆಯಲಾಗದವರನ್ನು ಕರೆತರುವವರು ಯಾರು ಅಂತ ಮುಂದಿನ ಸಲ ಎಲ್ಲರೂ ಸೇರಿದಾಗ ಹೆಸರು ಬರೆದುಕೊಳ್ಳುತ್ತೇವೆ.