ನೀರು ಮಾರುವ ಲೆಸೊಥೊ

ಸುತ್ತಲೂ ದಕ್ಷಿಣ ಆಫ್ರಿಕಾ, ನಡುವೆ ಪುಟ್ಟ ಲೆಸೊಥೊ. ಇಡೀ ನಾಡೇ ಸಮುದ್ರಮಟ್ಟದಿಂದ 1,000 ಮೀಟರಿಗೂ ಮೇಲಿರುವ ಏಕೈಕ ದೇಶ. ಆ ಎತ್ತರವೇ ಅದರ ಬಂಡವಾಳ. ದಕ್ಷಿಣ ಆಫ್ರಿಕಾದೊಂದಿಗಿನ 1986ರ ಒಪ್ಪಂದದಂತೆ, 185 ಮೀಟರ್ ಎತ್ತರದ ಕಾಟ್ಸೆ ಅಣೆಕಟ್ಟಿನ ನೀರು ಸುಮಾರು 45 ಕಿ.ಮೀ. ಸುರಂಗದಲ್ಲಿ ಇಳಿದು ಮುಏಲಾದಲ್ಲಿ ಟರ್ಬೈನ್ ತಿರುಗಿಸುತ್ತದೆ. ಮತ್ತೊಂದು ಸುರಂಗ ಹಿಡಿದು ಗಡಿ ದಾಟಿ, ಆಶ್ ನದಿಯ ಮೂಲಕ ವಾಲ್ ಅಣೆಕಟ್ಟು ಸೇರುತ್ತದೆ. ಅಲ್ಲಿಂದ ಜೋಹಾನ್ಸ್‌ಬರ್ಗ್‌ನ ನಲ್ಲಿಗಳಿಗೆ. ಗಡಿಯವರೆಗೆ ಪಂಪೇ ಬೇಡ, ಇಳಿಜಾರೇ ಸಾಕು. ಪ್ರತಿಯಾಗಿ ಲೆಸೊಥೊಗೆ ರಾಜಧನ, ಜೊತೆಗೆ ಕರೆಂಟು.

ನನ್ನನ್ನು ಕಾಡುವುದು ಬೇರೆ ಸಂಗತಿ. ರಾಜಧಾನಿ ಮಸೇರು ಇರುವುದು ಪಶ್ಚಿಮದ ತಗ್ಗಿನಲ್ಲಿ, ಜನ ಹೆಚ್ಚಿರುವುದೂ ಅಲ್ಲೇ. ಕಾಟ್ಸೆಯ ಸುರಂಗ ಅತ್ತ ಹೋಗುವುದಿಲ್ಲ! ಅವರಿಗಾಗಿ ಮೆಟೊಲಾಂಗ್ ಎಂಬ ಬೇರೆಯೇ ಅಣೆಕಟ್ಟು ಕಟ್ಟಬೇಕಾಯಿತು. ನೀರು ಮಾರುವ ಇದೇ ಯೋಜನೆಯ ಎರಡನೇ ಹಂತದ ಪೊಲಿಹಾಲಿ ಅಣೆಕಟ್ಟಿಗೆ ಹೊಲ, ಹುಲ್ಲುಗಾವಲು ಬಿಟ್ಟುಕೊಟ್ಟ ಊರುಗಳಿಗಾದರೂ ಮೊದಲು ನೀರು ಸಿಗಬೇಕು.