“ಯಾವ ಕೋರ್ಸ್‌ಗೆ ಸ್ಕೋಪ್ ಇದೆ ಮೇಡಂ?” ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಪಿಯುಸಿ ರಿಸಲ್ಟ್ ಬಂದ ವಾರ ನಮ್ಮ ಮನೆ ಗೇಟಿಗೆ ಬಿಡುವಿರುವುದಿಲ್ಲ. ನಾನು ಕೋಲಾರ ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಹಾಲು ಹಾಕುವವರ ಮಗಳು, ಎದುರು ಮನೆಯವರ ತಂಗಿಯ ಮಗ, ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವರು, ಎಲ್ಲರೂ ಮಾರ್ಕ್ಸ್ ಕಾರ್ಡ್ ಹಿಡಿದು ಬರುತ್ತಾರೆ. ಕೇಳುವುದು ಒಂದೇ ಮಾತು: “ಯಾವ ಕೋರ್ಸ್‌ಗೆ ಸ್ಕೋಪ್ ಇದೆ ಮೇಡಂ?”

ಮೊದಮೊದಲು ನಾನು ಥಟ್ಟನೆ ಉತ್ತರ ಹೇಳಿಬಿಡುತ್ತಿದ್ದೆ. ಬಿಸಿಎ ಮಾಡಿಸಿ, ಬಿ.ಕಾಂ. ಸೇರಿಸಿ. ಕಾಫಿ ಕುಡಿದು ಹೋಗುತ್ತಿದ್ದರು. ಹಾಗೆ ಹೇಳುವುದನ್ನು ಬಿಟ್ಟಿದ್ದು ಶ್ರೀನಿವಾಸಪುರದ ಕಡೆಯ ಒಬ್ಬ ಹುಡುಗಿಯಿಂದ.

ಅವಳಿಗೆ ಪಿಯುಸಿಯಲ್ಲಿ ಪಿಸಿಎಂಬಿ ಇತ್ತು. ಮಾರ್ಕ್ಸೂ ಪರವಾಗಿಲ್ಲ. ಅಪ್ಪನ ಜೊತೆ ಬಂದಳು. ನಾನು ಬಿಸಿಎ ಅಂದೆ, ಸೇರಿದಳು. ಒಂದು ವರ್ಷ ಆದ ಮೇಲೆ ಒಬ್ಬಳೇ ಬಂದು, “ಅಲ್ಲಿ ಕೂರೋಕೆ ಆಗ್ತಿಲ್ಲ ಮೇಡಂ” ಅಂದಳು. ಮನೆಯಲ್ಲಿ ಏನು ಮಾಡುತ್ತೀಯ ಅಂತ ಆವತ್ತು ಮೊದಲ ಸಲ ಕೇಳಿದೆ. ಅವರದು ಮಾವಿನ ನರ್ಸರಿ. ಆರನೇ ಕ್ಲಾಸಿನಿಂದ ಕಸಿ ಕಟ್ಟುತ್ತಾಳೆ. ಯಾವ ಕಡ್ಡಿ ಹಿಡಿಯುತ್ತದೆ, ಯಾವುದು ಒಣಗುತ್ತದೆ ಅಂತ ಬೆರಳಿಗೇ ಗೊತ್ತಾಗುತ್ತದಂತೆ. ಹೇಳುವಾಗ ಅವಳ ಮುಖವೇ ಬೇರೆ ಆಗಿತ್ತು. ಕೋಲಾರದ ಪಕ್ಕದ ಟಮಕದಲ್ಲಿ ತೋಟಗಾರಿಕೆ ಕಾಲೇಜು ಇದೆ ಅಲ್ವಾ ಅಂದೆ. ಬೋರ್ಡು ನೋಡಿದ್ದಳು. ಅದು ಸರ್ಕಾರದ ಯಾವುದೋ ತೋಟ ಅಂದುಕೊಂಡಿದ್ದಳು.

ಅವಳದೇನೂ ತಪ್ಪಿಲ್ಲ. ನಮ್ಮಲ್ಲಿ ಯೂನಿವರ್ಸಿಟಿ ಅಂದರೆ ಒಂದು ದೊಡ್ಡ ಕಾಲೇಜು ಅಂತಲೇ ಜಾಸ್ತಿ ಜನ ತಿಳಿದಿದ್ದಾರೆ. ಟಮಕವನ್ನೇ ನೋಡಿ. ಅಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಆಫೀಸಿದೆ. 1964ರಲ್ಲಿ ಶುರುವಾದ ಬೆಂಗಳೂರು ವಿಶ್ವವಿದ್ಯಾಲಯವನ್ನು ಮೂರು ಮಾಡಿದಾಗ, 2017ರಲ್ಲಿ ಹುಟ್ಟಿದ್ದು ಇದು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಕಾಲೇಜುಗಳು ಇದರ ಕೆಳಗೆ ಬರುತ್ತವೆ. ಮಂಗಸಂದ್ರದ ಸ್ನಾತಕೋತ್ತರ ಕೇಂದ್ರವೂ ಇದರದೇ. ಆದರೆ ಅದೇ ಟಮಕದ ತೋಟಗಾರಿಕೆ ಕಾಲೇಜು ಸೇರುವುದು ದೂರದ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ. ಚಿಂತಾಮಣಿ ಹತ್ತಿರ ಕುರುಬೂರಿನಲ್ಲಿ ರೇಷ್ಮೆಗೆ ಅಂತಲೇ ಶುರುವಾದ ಕಾಲೇಜು ಬೆಂಗಳೂರಿನ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೆಚ್ಚಿನವು ಬೆಳಗಾವಿಯ ವಿಟಿಯುಗೆ, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ, ಮೈಸೂರು ವಿಶ್ವವಿದ್ಯಾಲಯ ಶುರುವಾಯಿತು. ಆಗ ಇಡೀ ಸಂಸ್ಥಾನಕ್ಕೆ ಅದೊಂದೇ. ಈಗ ಅವರ ಹೆಸರಿನ ವಿಟಿಯು ಮುದ್ದೇನಹಳ್ಳಿಯಲ್ಲೇ ಒಂದು ಕೇಂದ್ರ ನಡೆಸುತ್ತಿದೆ.

ಇಷ್ಟು ಯಾಕೆ ಹೇಳಿದೆ ಅಂದರೆ, ಒಂದೊಂದು ಕೋರ್ಸಿಗೂ ಬಾಗಿಲು ಬೇರೆ, ಆ ಬಾಗಿಲು ತೆರೆಯುವ ತಿಂಗಳೂ ಬೇರೆ. ನಮ್ಮಂಥ ಕಾಲೇಜಿಗೆ ರಿಸಲ್ಟ್ ಬಂದ ಮೇಲೆ ಅರ್ಜಿ ಹಾಕಿದರೆ ಸಾಕು. ಕೃಷಿ, ತೋಟಗಾರಿಕೆಗೆ ಸಿಇಟಿ ಬರೆಯಬೇಕು. ಅದರ ಅರ್ಜಿ ಈಚಿನ ವರ್ಷಗಳಲ್ಲಿ ಜನವರಿ, ಫೆಬ್ರವರಿಗೇ ಮುಗಿದುಹೋಗುತ್ತದೆ. ರೈತರ ಮಕ್ಕಳಿಗೆ ಅಲ್ಲಿ ಬೇರೆ ಕೋಟಾ ಇದೆ. ಬೀಜ, ಗೊಬ್ಬರ, ಸಲಕರಣೆ ಗುರುತಿಸುವ ಪ್ರಾಕ್ಟಿಕಲ್ ಪರೀಕ್ಷೆ ಇದೆ. ಅರ್ಜಿಯಲ್ಲಿ ಕೋಟಾ ಕೇಳಿರಬೇಕು, ತಹಶೀಲ್ದಾರ್ ಕಚೇರಿಯ ಪ್ರಮಾಣಪತ್ರ ಇರಬೇಕು. ಆ ಹುಡುಗಿ ಸಿಇಟಿ ಬರೆದಿದ್ದಳು. ಆದರೆ ಕೋಟಾ ಕೇಳಿರಲಿಲ್ಲ. ಬೀಜ ಗುರುತಿಸುವ ಪರೀಕ್ಷೆ ಒಂದಿದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಇದನ್ನು ನೆನೆದಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಈಗ ಗೇಟು ತೆಗೆದವರಿಗೆ ನಾನೇ ಎರಡು ಪ್ರಶ್ನೆ ಕೇಳುತ್ತೇನೆ. ಆ ಸಬ್ಜೆಕ್ಟ್ ಏನು ಅಂತ ನೋಡಿದ್ದೀಯಾ? ಎಲ್ಲಿ ನೋಡಿದೆ? ಹೆಚ್ಚಿನವರು ನೋಡಿರುವುದಿಲ್ಲ. ನೋಡದೆ ಇರುವುದಕ್ಕೆ ಸ್ಕೋಪ್ ಇದೆಯಾ ಅಂತ ಕೇಳಿದರೆ ಏನು ಹೇಳುವುದು?

ನನ್ನ ಸಬ್ಜೆಕ್ಟನ್ನೇ ತೆಗೆದುಕೊಳ್ಳಿ. ಕೆಮಿಸ್ಟ್ರಿ ಅಂದರೆ ಮಕ್ಕಳಿಗೆ ಗೊತ್ತಿರುವುದು ಸಮೀಕರಣ, ಬಾಯಿಪಾಠ. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಜಾಸ್ತಿಯಾದರೆ ಹಲ್ಲಿಗೆ ಕಲೆ ಹಿಡಿಸುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದ ಕಡೆ 1.5ರವರೆಗೆ ನಡೆಯುತ್ತದೆ. ಮೊದಲ ವರ್ಷದ ಮಕ್ಕಳಿಗೆ ಮನೆಯಿಂದ ಒಂದು ಬಾಟಲಿ ನೀರು ತನ್ನಿ ಅನ್ನುತ್ತೇನೆ. ಒಂದು ಬಗೆಯ ಗುಲಾಬಿ ದ್ರಾವಣಕ್ಕೆ ಆ ನೀರು ಬೆರೆಸಬೇಕು. ಫ್ಲೋರೈಡ್ ಜಾಸ್ತಿ ಇದ್ದಷ್ಟೂ ಬಣ್ಣ ಹಳದಿ ಕಡೆ ತಿರುಗುತ್ತದೆ. ತನ್ನೂರಿನ ನೀರು ಹಳದಿ ಆದಾಗ ಲ್ಯಾಬು ಒಂದು ಗಳಿಗೆ ಸುಮ್ಮನಾಗುತ್ತದೆ. “ನಮ್ಮಜ್ಜಿ ಹಲ್ಲು ಅದಕ್ಕೇನಾ ಮೇಡಂ ಹಂಗಿರೋದು?” ಅಂತ ಒಬ್ಬ ಕೇಳಿದ. ಆವತ್ತಿನಿಂದ ಅವನು ಹಿಂದಿನ ಬೆಂಚು ಬಿಟ್ಟ.

ಕೆರೆಗಳನ್ನೂ ನೋಡಿ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತ ಶುದ್ಧ ಮಾಡಿ ಕಳಿಸುತ್ತಾರೆ. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ತುಂಬಿದವು, ಅದು ನಿಜ. ಮೂರನೇ ಹಂತವೂ ಆಗಲಿ ಅಂತ ಜನ ಕೇಳುತ್ತಲೇ ಇದ್ದಾರೆ, ಅದೂ ನಿಜ. ಆ ನೀರಿನಲ್ಲಿ ನೈಟ್ರೇಟ್ ಎಷ್ಟಿದೆ, ಭಾರಲೋಹ ಇದೆಯಾ ಅಂತ ಅಳೆಯುವವರು ಯಾರು? ಕೆಮಿಸ್ಟ್ರಿ, ಮೈಕ್ರೋಬಯಾಲಜಿ ಓದಿದವರೇ. ಆ ಕೆಲಸಕ್ಕೆ ನಮ್ಮ ಮಕ್ಕಳೇ ಮುಂದೆ ಬರಬೇಕು ಅಂತ ನನ್ನ ಆಸೆ.

ಫಿಸಿಕ್ಸ್ ಅಂದರೆ ಕೆಜಿಎಫ್ ಮಕ್ಕಳಿಗೆ ಒಂದು ಕಥೆ ಹೇಳುತ್ತೇನೆ. 1965ರಲ್ಲಿ ಅವರ ತಾತಂದಿರು ಇಳಿಯುತ್ತಿದ್ದ ಚಾಂಪಿಯನ್ ರೀಫ್ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಆಳದಲ್ಲಿ, ವಾತಾವರಣದಿಂದ ಬರುವ, ಬಂಡೆಯನ್ನೂ ಸಲೀಸಾಗಿ ದಾಟುವ ನ್ಯೂಟ್ರಿನೋ ಅನ್ನುವ ಕಣಗಳ ಗುರುತನ್ನು ವಿಜ್ಞಾನಿಗಳು ಹಿಡಿದರು. ಅಷ್ಟು ಬಂಡೆ ದಾಟಿ ಬೇರೆ ಕಣಗಳು ಬರುವುದು ತೀರಾ ಕಡಿಮೆ, ಅದಕ್ಕೇ ಆ ಆಳ. 2001ರಲ್ಲಿ ಗಣಿ ಮುಚ್ಚಿತು ಅನ್ನುವುದು ಎಲ್ಲರಿಗೂ ಗೊತ್ತು. ಈ ನ್ಯೂಟ್ರಿನೋ ಕಥೆ ಗೊತ್ತಿರುವ ಮಕ್ಕಳು ಕಡಿಮೆ.

ಬಿ.ಎ. ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. “ಬೇರೆ ಏನೂ ಸಿಗಲಿಲ್ಲ, ಸುಮ್ನೆ ಬಿ.ಎ.ಗೆ ಹಾಕಿದ್ವಿ” ಅಂತ ಮಗಳ ಎದುರೇ ಹೇಳುವ ಅಪ್ಪಂದಿರಿದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ. ನಮ್ಮ ಹೊಲದ ಬದುಗಳಲ್ಲಿ ವೀರಗಲ್ಲು ನಿಂತಿವೆ. ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ. ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ನಮ್ಮ ಜಿಲ್ಲೆಯ ಶಾಸನಗಳಿಗೆ ಅಂತಲೇ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೇ ಸಂಪುಟವನ್ನು 1905ರಲ್ಲಿ ತಂದರು. ಕೋಲಾರದ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು ಆಡುತ್ತಾರೆ, ಶಾಲೆಯಲ್ಲಿ ಕನ್ನಡ ಓದುತ್ತಾರೆ, ತಮಿಳು ಕೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ. ಶಾಸನ ಓದುವುದಕ್ಕೆ, ಅನುವಾದಕ್ಕೆ, ಭಾಷಾವಿಜ್ಞಾನಕ್ಕೆ ಇದಕ್ಕಿಂತ ಒಳ್ಳೆಯ ಬುನಾದಿ ಎಲ್ಲಿ ಸಿಗುತ್ತದೆ? ಆ ಮಗುವಿಗೆ ನಾವು ಅದನ್ನು ಕೊರತೆ ಅಂತ ಹೇಳಿಕೊಟ್ಟಿದ್ದೇವೆ.

ಬಿ.ಕಾಂ. ಸೇರುವವರು ಒಂದು ದಿನ ಬೆಳಗ್ಗೆ ಎಪಿಎಂಸಿಗೆ ಹೋಗಿ ಟೊಮೆಟೊ ಹರಾಜು ನೋಡಿ. ಬಾಕ್ಸಿನ ದರ ಹೇಗೆ ಏರಿ ಇಳಿಯುತ್ತದೆ ಅಂತ ಕಣ್ಣಾರೆ ಕಂಡರೆ ಪಾಠ ಬೇಗ ಹತ್ತುತ್ತದೆ.

ಕಾಲೇಜು ನೋಡಲು ಹೋದಾಗ ಬಿಲ್ಡಿಂಗ್ ನೋಡಿ ಬರಬೇಡಿ. ಡಿಗ್ರಿ ಯಾವ ಯೂನಿವರ್ಸಿಟಿಯದು ಅಂತ ಕೇಳಿ. ಆ ಸಬ್ಜೆಕ್ಟಿಗೆ ಈ ವರ್ಷ ಪಾಠ ಮಾಡುವವರು ಇದ್ದಾರಾ, ಲ್ಯಾಬ್ ತೆರೆಯುತ್ತಾರಾ ಅಂತ ಎರಡನೇ ವರ್ಷದ ಮಕ್ಕಳನ್ನೇ ಕೇಳಿ. 2024-25ರಿಂದ ಡಿಗ್ರಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಅಣ್ಣನೋ ಅಕ್ಕನೋ ನಾಲ್ಕು ವರ್ಷದ ಲೆಕ್ಕ ಹೇಳಿದರೆ ಗಾಬರಿಯಾಗಬೇಡಿ. ಎಸ್ಸೆಸ್ಸೆಲ್ಸಿ ಮಕ್ಕಳಿದ್ದರೆ ಇನ್ನೂ ಮೊದಲೇ ಯೋಚಿಸಿ. ಪಿಯುಸಿಯಲ್ಲಿ ಬಯಾಲಜಿ ಬಿಟ್ಟರೆ ತೋಟಗಾರಿಕೆಯ ಬಾಗಿಲು ಅಲ್ಲಿಗೇ ಮುಚ್ಚಿತು.

ಆ ಹುಡುಗಿ ಬಿಸಿಎ ಬಿಟ್ಟು ಈಗ ಅಪ್ಪನ ನರ್ಸರಿ ನೋಡಿಕೊಳ್ಳುತ್ತಿದ್ದಾಳೆ. ಕಳೆದ ಡಿಸೆಂಬರಿನಲ್ಲಿ ಫೋನ್ ಮಾಡಿದಳು. ತಮ್ಮ ಸೆಕೆಂಡ್ ಪಿಯುಸಿ. “ಸಿಇಟಿ ಅರ್ಜಿ ಯಾವಾಗ ಬಿಡ್ತಾರೆ ಮೇಡಂ? ತಹಶೀಲ್ದಾರ್ ಆಫೀಸಿಗೆ ಈ ವಾರವೇ ಹೋಗ್ಲಾ?” ಅಂದಳು. ಹೋಗಮ್ಮ, ನಾಳೆಯೇ ಹೋಗು ಅಂದೆ.