ಮೂರು ವಾರ ಬಿಚ್ಚದ ತುರುಬು

ಮಡಿಕೇರೀಲಿ ಪಾರ್ಲರ್ ಕೆಲಸಕ್ಕೆ ಸೇರಿ 11 ವರ್ಷ ಆಯ್ತು, ಈಗ ಮನೆಗಳಿಗೂ ಹೋಗ್ತೀನಿ. ಜೂನಲ್ಲಿ ಮಳೆ ಹಿಡೀತು ಅಂದ್ರೆ ಸೆಪ್ಟೆಂಬರ್ ತನಕ ನಮ್ಮಲ್ಲಿ ಬಟ್ಟೆನೇ ಒಣಗಲ್ಲ, ಇನ್ನು ಸೊಂಟದುದ್ದ ಕೂದಲು ಎಲ್ಲಿ ಒಣಗುತ್ತೆ, ಹಸಿ ಹಸಿ ಇರೋವಾಗ್ಲೇ ಗಂಟು ಹಾಕ್ಕೊಂಡು ಓಡ್ತಾರೆ, ಆಮೇಲೆ ಸಿಕ್ಕು ಸಿಕ್ಕು ಅಂತ ಬರ್ತಾರೆ.

ಮೊದಲನೇ ವರ್ಷ ನಾನೊಂದು ತಪ್ಪು ಮಾಡಿದ್ದೆ. ಎಂಟನೇ ಕ್ಲಾಸ್ ಹುಡುಗಿ, ಜ್ವರ ಬಂದು ಎರಡು ವಾರ ಮಲಗಿದ್ಲು, ಕತ್ತಿನ ಹಿಂದೆ ಮುಷ್ಟಿಯಷ್ಟು ಗಂಟು. ಶನಿವಾರ, ರಶ್ ಇತ್ತು, ಹತ್ತು ನಿಮಿಷ ಮೇಲಿಂದ ಎಳೆದೆಳೆದು ನೋಡಿ ಕತ್ತರಿಸಿಬಿಟ್ಟೆ. ಪಾಪ, ಏನೂ ಮಾತಾಡ್ದೆ ಹೋದ್ಲು. ಆಮೇಲೆ ನಮ್ಮ ಸೀನಿಯರ್ ಅಕ್ಕ ಆ ಗಂಟಿಗೆ ಎಣ್ಣೆ ಹಾಕಿ ಬಿಡಿಸಿ ತೋರಿಸಿದ್ರು. ಎಷ್ಟೋ ಕೂದಲಿನ ತುದೀಲಿ ಸಣ್ಣ ಬಿಳಿ ಬುಡ ಇತ್ತು, ಅಂದ್ರೆ ಅವು ತಾನಾಗೇ ಉದುರಿದ ಕೂದಲು. ದಿನಕ್ಕೆ 50ರಿಂದ 100 ಕೂದಲು ಉದುರೋದು ಎಲ್ಲರಿಗೂ ಸಹಜ, ಬಾಚದೆ ಬಿಟ್ರೆ ಅವು ಕೆಳಗೆ ಬೀಳೋಕೆ ದಾರಿ ಇಲ್ದೆ ಚೆನ್ನಾಗಿರೋ ಕೂದಲಿಗೆ ಸುತ್ಕೊಳ್ತವೆ. ನಾನು ಅವುಗಳ ಜೊತೆ ಚೆನ್ನಾಗಿದ್ದಿದ್ದನ್ನೂ ಒಂದಡಿ ಕತ್ತರಿಸಿದ್ದೆ. ತಿಂಗಳಿಗೆ ಹೆಚ್ಚುಕಮ್ಮಿ 1 ಸೆಂಟಿಮೀಟರ್ ಬೆಳೆಯೋದು, ಲೆಕ್ಕ ಹಾಕಿ, ಎರಡೂವರೆ ವರ್ಷ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ.

ಹೋದ ವರ್ಷ ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆ ತಿಂಗಳು) ನಾಪೋಕ್ಲು ಕಡೆ ಒಂದು ತೋಟದ ಮನೆಗೆ ಕರೆದಿದ್ರು. ಅಜ್ಜಿ ಅಂಗಳದ ಪಾಚಿ ಮೇಲೆ ಜಾರಿ ಸೊಂಟ ಮುರ್ಕೊಂಡು, ಆಪರೇಷನ್ ಆಗಿ ಮಲಗಿದ್ರು, ಮೂರು ವಾರ ತುರುಬು ಬಿಚ್ಚಿಲ್ಲ, ದಿಂಬಿಗೆ ಉಜ್ಜಿ ಉಜ್ಜಿ ಚಾಪೆ ಥರ ಆಗಿತ್ತು. ಮಗಳು ‘ಕಟ್ ಮಾಡಿಬಿಡಿ, ಸುಮ್ನೆ ಯಾಕೆ ನೋವು’ ಅಂದ್ರು. ಅಜ್ಜಿ ಏನೂ ಹೇಳ್ಲಿಲ್ಲ, ಕೈ ಮಾತ್ರ ತುರುಬಿನ ಮೇಲೆ ಹೋಯ್ತು. ‘ಅಜ್ಜಿ, ನಂಗೆ ಎರಡು ದಿನ ಕೊಡಿ’ ಅಂದೆ.

ಮೊದಲು ತಲೆಗೆ ನೀರು ಹಾಕ್ಲಿಲ್ಲ. ಇದನ್ನ ಎಲ್ಲರಿಗೂ ಹೇಳ್ತೀನಿ, ಗಂಟಾದ ಕೂದಲನ್ನ ಹಾಗೇ ಶಾಂಪೂ ಹಾಕಿ ಉಜ್ಜಿದ್ರೆ ಇನ್ನೂ ಬಿಗಿಯಾಗುತ್ತೆ, ಒದ್ದೆ ಕೂದಲು ಎಳೆದಷ್ಟೂ ಹಿಗ್ಗಿ ಆಮೇಲೆ ತುಂಡಾಗುತ್ತೆ. ತೆಂಗಿನೆಣ್ಣೆ ಹಚ್ಚಿ. ನಮ್ಮ ಮಳೆಗಾಲದ ಚಳೀಲಿ ಬಾಟಲೀಲೇ ಗಟ್ಟಿಯಾಗಿರುತ್ತೆ (24 ಡಿಗ್ರಿಗಿಂತ ಕೆಳಗೆ ಹೋದ್ರೆ ಹೆಪ್ಪುಗಟ್ಟುತ್ತೆ), ಬಿಸಿನೀರಿನ ಪಾತ್ರೇಲಿ ಬಾಟಲಿ ಇಟ್ಟು ಕರಗಿಸಿ, ಗಂಟಿನ ಒಳಗೆ ಇಳಿಯೋ ಹಾಗೆ ಬೆರಳಲ್ಲಿ ಒತ್ತಿ ಅರ್ಧ ಗಂಟೆ ಬಿಡಿ.

ಆಮೇಲೆ ಬಾಚಣಿಗೆ ಮುಟ್ಟಬೇಡಿ, ಬೆರಳೇ ಸಾಕು. ಗಂಟಿನ ಮೇಲ್ಗಡೆ ಕೂದಲನ್ನ ಒಂದು ಕೈಲಿ ಗಟ್ಟಿಯಾಗಿ ಹಿಡ್ಕೊಂಡ್ರೆ ಬುಡಕ್ಕೆ ಎಳೆತ ಬರಲ್ಲ, ನೋವಿನ ಮುಕ್ಕಾಲು ಭಾಗ ಅಲ್ಲೇ ತಪ್ಪುತ್ತೆ. ತುದಿಯಿಂದ ಶುರು ಮಾಡಿ ನಾಲ್ಕು ನಾಲ್ಕು ಎಳೆ ಬಿಡಿಸ್ತಾ ಮೇಲೆ ಹೋಗಿ, ದೊಡ್ಡ ಗಂಟನ್ನ ಉದ್ದಕ್ಕೆ ಎರಡಾಗಿ, ನಾಲ್ಕಾಗಿ ಸೀಳ್ಕೊಳ್ಳಿ. ಕೂದಲಿನ ಮೈಮೇಲೆ ಮನೆ ಹೆಂಚಿನ ಥರ ಪದರ ಇರುತ್ತೆ, ಅದರ ಬಾಯಿ ತುದಿ ಕಡೆಗೆ, ಅದಕ್ಕೇ ಕೆಳಮುಖ ಬಿಡಿಸಿದ್ರೆ ಜಾರುತ್ತೆ, ಮೇಲ್ಮುಖ ತಳ್ಳಿದ್ರೆ ಕಚ್ಕೊಳ್ಳುತ್ತೆ. ಕಡೇಲಿ ಅಗಲ ಹಲ್ಲಿನ ಬಾಚಣಿಗೆ, ಸೀರಣಿಗೆ ಅಂತೂ ಬೇಡವೇ ಬೇಡ. ಆಮೇಲೆ ತಲೆ ತೊಳೆಯೋವಾಗ ಕಂಡೀಷನರ್ ಇಲ್ದಿದ್ರೆ ದಾಸವಾಳದ ಸೊಪ್ಪು ಕಿವುಚಿದ ಲೋಳೆ ಹಾಕಿ, ಚೆನ್ನಾಗಿ ಜಾರುತ್ತೆ. ಗುಂಗುರು ಕೂದಲಾದ್ರೆ ಮಾತ್ರ ಒಣಗಿದ್ಮೇಲೆ ಬಾಚಬೇಡಿ, ಕಂಡೀಷನರ್ ಇರೋವಾಗ್ಲೇ ಬಾಚಿ.

ಅಜ್ಜೀದು ಮೊದಲ ದಿನ ಮೂರು ಗಂಟೆ, ಮಾರನೇ ದಿನ ಎರಡು. ಮಧ್ಯೆ ಮಧ್ಯೆ ನಿದ್ದೆ ಹೋಗ್ತಿದ್ರು, ಆಗ ನಾನು ಕೈ ನಿಲ್ಲಿಸ್ತಿದ್ದೆ. ತೆಗೆದ ಉದುರು ಕೂದಲು ಕಿತ್ತಳೆ ಹಣ್ಣಿನಷ್ಟು ದಪ್ಪ ಉಂಡೆ ಆಯ್ತು, ಕತ್ತರಿ ತಾಗಿಸ್ಲೇ ಇಲ್ಲ. ಬೆಳ್ಳಿ ಥರ ಬಿಳೀ ಜಡೆ, ಅಷ್ಟೂ ಉದ್ದ ಹಾಗೇ ಉಳೀತು.

ಮಲಗಿರೋರು ಮನೇಲಿದ್ರೆ ದಯವಿಟ್ಟು ಎರಡು ದಿನಕ್ಕೊಮ್ಮೆ ಜಡೆ ಬಿಚ್ಚಿ ಬೆರಳಾಡಿಸಿ, ತಲೆ ಮೇಲೆ ತುರುಬು ಹಾಕ್ದೆ ಪಕ್ಕಕ್ಕೆ ಸಡಿಲವಾಗಿ ಹೆಣೆದು ಬಿಡಿ. ಗಂಟಿನ ಬುಡದಲ್ಲಿ ಹುಣ್ಣೋ ಕೀವೋ ಕಂಡ್ರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ತೋರ್ಸಿ.